ಮಾಡಿದ್ದನ್ನು ಬರೆಯಲು ಜಾಗವಿಲ್ಲದ ಆರೈಕೆ: ಶಸ್ತ್ರಚಿಕಿತ್ಸಾ ವಾರ್ಡೊಂದರ ಪ್ರಕರಣ ಅಧ್ಯಯನ

ವಿಜಯಪುರ ನಗರದ ಒಂದು ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಾರ್ಡಿನಲ್ಲಿ, ಶಸ್ತ್ರಚಿಕಿತ್ಸೆಯ ನಂತರದ ನೋವಿಗೆ ಔಷಧದ ಜೊತೆಜೊತೆಗೆ ಔಷಧೇತರ ಕ್ರಮಗಳನ್ನೂ ನರ್ಸ್‌ಗಳು ದಿನನಿತ್ಯದ ಕೆಲಸವಾಗಿ ಮಾಡುವಂತಾಗಬೇಕೆಂದು ಸುಮಾರು ಒಂದು ವರ್ಷ ನಡೆದ ಪ್ರಯತ್ನದ ವಿವರ ಇದು. ನಾನು ಆಗ ಅಲ್ಲಿ ಶುಶ್ರೂಷಾ ತರಬೇತಿಯ ಹೊಣೆ ಹೊತ್ತಿದ್ದೆ. ರೋಗಿಗಳ, ಸಿಬ್ಬಂದಿಯ ಮತ್ತು ಆಸ್ಪತ್ರೆಯ ಗುರುತು ಹತ್ತದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ನಮ್ಮ ನಿರ್ಧಾರಗಳನ್ನು ಮತ್ತು ಅವು ತಪ್ಪಿದ ಜಾಗಗಳನ್ನು ಇದ್ದಂತೆಯೇ ಇಟ್ಟಿದ್ದೇನೆ, ಏಕೆಂದರೆ ಇದೇ ಕೆಲಸಕ್ಕೆ ಕೈಹಾಕುವ ಬೇರೆ ವಾರ್ಡಿನವರಿಗೆ ಉಪಯೋಗಕ್ಕೆ ಬರುವುದು ಅವೇ.

ಹಿನ್ನೆಲೆ

ವಾರ್ಡಿನಲ್ಲಿ 28 ಹಾಸಿಗೆಗಳಿದ್ದವು. ಹಗಲು ಪಾಳಿಯಲ್ಲಿ ಮೂವರು ಸ್ಟಾಫ್ ನರ್ಸ್‌ಗಳು, ರಾತ್ರಿ ಇಬ್ಬರು, ಜೊತೆಗೆ ಒಬ್ಬ ಆಯಾ. ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಕಡೆಯ ರೈತಾಪಿ ಜನ, ತಾಂಡಾಗಳಿಂದ ಬರುವ ಲಂಬಾಣಿ ಕುಟುಂಬಗಳು, ಸೊಲ್ಲಾಪುರದ ಕಡೆಯಿಂದ ಬರುವ ಮರಾಠಿ ಮಾತಿನವರು ಅಲ್ಲಿ ದಾಖಲಾಗುತ್ತಿದ್ದರು. ಹರ್ನಿಯಾ, ಅಪೆಂಡಿಕ್ಸ್, ಪಿತ್ತಕೋಶ, ಗರ್ಭಕೋಶ ತೆಗೆಯುವುದು, ಮುರಿದ ಎಲುಬು ಕೂಡಿಸುವುದು ಇವೇ ಅಲ್ಲಿಯ ಹೆಚ್ಚಿನ ಶಸ್ತ್ರಚಿಕಿತ್ಸೆಗಳು.

ನೋವಿಗೆ ಬರೆಯುತ್ತಿದ್ದ ಔಷಧಗಳು ಬೇರೆಡೆ ಇರುವಂಥವೇ: ಡೈಕ್ಲೋಫಿನ್ಯಾಕ್ 75 ಮಿಲಿಗ್ರಾಂ ಸೂಜಿ, ಟ್ರಮಡಾಲ್ 50 ಮಿಲಿಗ್ರಾಂ, ಪ್ಯಾರಾಸಿಟಮಾಲ್ 1 ಗ್ರಾಂ ಬಾಟಲಿ. ಇವುಗಳಲ್ಲಿ ಬಹುಪಾಲಿನ ಮುಂದೆ ‘ಎಸ್.ಓ.ಎಸ್.’ ಎಂದು, ಅಂದರೆ ಬೇಕಾದಾಗ ಮಾತ್ರ ಕೊಡಿ ಎಂದು ಬರೆದಿರುತ್ತಿತ್ತು. ಆ ಮೂರು ಅಕ್ಷರಗಳ ಪರಿಣಾಮವನ್ನು ನಾವು ಬಹಳ ಕಾಲ ಗಮನಿಸಿರಲಿಲ್ಲ. ಬೇಕಾದಾಗ ಎಂದರೆ ಕೇಳಿದಾಗ ಎಂದಾಯಿತು. ಕೇಳಬಲ್ಲವರು, ಅಥವಾ ಜೋರು ಧ್ವನಿಯ ಮಗನೋ ಅಳಿಯನೋ ಜೊತೆಗಿದ್ದವರು ಸೂಜಿ ಮಾಡಿಸಿಕೊಂಡರು; ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗಿದ ವಯಸ್ಸಾದ ಹೆಣ್ಣುಮಕ್ಕಳಿಗೆ ನೋವೇ ಇಲ್ಲವೆಂದು ದಾಖಲೆ ಹೇಳಿತು.

ಸಮಸ್ಯೆ

ಶಸ್ತ್ರಚಿಕಿತ್ಸೆಯ ಮರುದಿನ ಹೊಟ್ಟೆಯ ಗಾಯವಿರುವ ರೋಗಿ ಆಳವಾಗಿ ಉಸಿರೆಳೆಯುವುದಿಲ್ಲ, ಕೆಮ್ಮುವುದಿಲ್ಲ, ಮಗ್ಗುಲು ತಿರುಗುವುದಿಲ್ಲ. ಕಫ ಎದೆಯಲ್ಲಿ ಕಟ್ಟಿ ಜ್ವರ ಬರುವುದು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು ಇಂಥ ಸ್ಥಿತಿಯಲ್ಲಿಯೇ. ಔಷಧದಿಂದಲೇ ಎಲ್ಲವನ್ನೂ ಸಾಧಿಸಲು ಹೊರಟರೆ ಅದಕ್ಕೂ ಮಿತಿಯಿದೆ. ಡೈಕ್ಲೋಫಿನ್ಯಾಕ್‌ನಂಥ ಔಷಧಗಳನ್ನು ಮೂತ್ರಪಿಂಡ ದುರ್ಬಲವಾದವರಿಗೆ, ಹೊಟ್ಟೆಹುಣ್ಣು ಇರುವವರಿಗೆ, ಮೈಯಲ್ಲಿ ನೀರಿನಂಶ ಇಳಿದವರಿಗೆ ಧಾರಾಳವಾಗಿ ಕೊಡುವಂತಿಲ್ಲ. ಟ್ರಮಡಾಲ್ ಹಲವರಿಗೆ ಓಕರಿಕೆ ತರುತ್ತದೆ. ಹೊಟ್ಟೆಗೆ ಹೊಲಿಗೆ ಬಿದ್ದಿರುವಾಗ ಬರುವ ವಾಂತಿಯ ನೋವನ್ನು ಅನುಭವಿಸಿದವರೇ ಬಲ್ಲರು. 2018ರಲ್ಲಿ ಟ್ರಮಡಾಲ್ ಮಾದಕದ್ರವ್ಯ ನಿಯಂತ್ರಣ ಕಾಯ್ದೆಯ ವ್ಯಾಪ್ತಿಗೆ ಬಂದ ಮೇಲೆ ರಾತ್ರಿ ಹೊತ್ತು ಅದನ್ನು ತೆಗೆದು ಕೊಡುವ ಮೊದಲು ನರ್ಸ್‌ಗಳು ಎರಡು ಸಲ ಯೋಚಿಸುತ್ತಿದ್ದರು.

ಇನ್ನೊಂದು ಕಡೆ ಔಷಧೇತರ ಕ್ರಮಗಳು ಯಾರಿಗೂ ಹೊಸವಾಗಿರಲಿಲ್ಲ. ಕೆಮ್ಮುವಾಗ ಗಾಯದ ಮೇಲೆ ದಿಂಬು ಒತ್ತಿ ಹಿಡಿಯುವುದು, ಏಳುವಾಗ ಮೊದಲು ಮಗ್ಗುಲಾಗಿ ಕಾಲು ಕೆಳಗೆ ಬಿಟ್ಟು ಕೈಯೂರಿ ಏಳುವುದು, ಹೊಟ್ಟೆಯ ಸ್ನಾಯು ಸಡಿಲವಾಗುವಂತೆ ಮೊಣಕಾಲ ಕೆಳಗೆ ದಿಂಬಿಡುವುದು, ನಿಧಾನ ಉಸಿರಾಟ, ಅಂಗೈ ಅಂಗಾಲು ತಿಕ್ಕುವುದು, ಬಾವಿನ ಮೇಲೆ ತಂಪು ಇಡುವುದು, ಇವೆಲ್ಲ ನರ್ಸಿಂಗ್ ಪಠ್ಯದಲ್ಲಿವೆ. ಪರೀಕ್ಷೆಯಲ್ಲಿ ಬರೆದು ಪಾಸಾದವರೇ ವಾರ್ಡಿನಲ್ಲಿದ್ದರು. ಆದರೂ ಒಂದು ತಿಂಗಳ ಕೇಸ್ ಶೀಟುಗಳನ್ನು ತಿರುವಿದಾಗ ಇವುಗಳಲ್ಲಿ ಒಂದರ ಉಲ್ಲೇಖವೂ ನಮಗೆ ಸಿಗಲಿಲ್ಲ.

ಮೊದಲ ಪ್ರಯತ್ನ ಮತ್ತು ಅದರ ಸೋಲು

ತಿಳಿವಳಿಕೆ ಕಡಿಮೆಯಿದೆ ಎಂದು ನಾನು ತೀರ್ಮಾನಿಸಿದೆ, ಆದ್ದರಿಂದ ಒಂದು ದಿನದ ತರಬೇತಿ ಇಟ್ಟೆ. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಮುಂದಿಟ್ಟ ‘ದ್ವಾರ ಸಿದ್ಧಾಂತ’ವನ್ನು ಚಿತ್ರ ಬರೆದು ವಿವರಿಸಿದೆ: ಸ್ಪರ್ಶ ಮತ್ತು ಒತ್ತಡದ ಸಂಕೇತಗಳು ಬೆನ್ನುಹುರಿಯಲ್ಲಿ ನೋವಿನ ಸಂಕೇತಕ್ಕೆ ಅಡ್ಡಬರುತ್ತವೆ, ಮಿದುಳಿನಿಂದ ಇಳಿದು ಬರುವ ಸಂಕೇತಗಳೂ ಆ ಬಾಗಿಲನ್ನು ತೆರೆಯಬಲ್ಲವು, ಮುಚ್ಚಬಲ್ಲವು, ಮೊಣಕಾಲಿಗೆ ಪೆಟ್ಟು ಬಿದ್ದ ಮಗು ಅಲ್ಲಿಯೇ ತಿಕ್ಕಿಕೊಳ್ಳುವುದು ಇದೇ ಕಾರಣಕ್ಕೆ. ಎಲ್ಲರೂ ಗಮನವಿಟ್ಟು ಕೇಳಿದರು, ಕೊನೆಯಲ್ಲಿ ಕೊಟ್ಟ ಪ್ರಶ್ನೆಪತ್ರಿಕೆಯಲ್ಲಿ ಚೆನ್ನಾಗಿ ಉತ್ತರಿಸಿದರು, ಗೋಡೆಗೆ ಭಿತ್ತಿಪತ್ರ ಅಂಟಿಸಿದೆವು. ಎರಡು ವಾರ ಬಿಟ್ಟು ನೋಡಿದರೆ ವಾರ್ಡು ಮೊದಲು ಹೇಗಿತ್ತೋ ಹಾಗೆಯೇ ಇತ್ತು.

ಆಗ ಇನ್ನೊಂದು ತರಬೇತಿ ಇಡೋಣ ಎಂಬ ಸಲಹೆ ಬಂತು. ಅದನ್ನು ಮುಂದೂಡಿ, ನಾನು ಎರಡು ರಾತ್ರಿ ವಾರ್ಡಿನಲ್ಲಿಯೇ ಕುಳಿತೆ. ಈ ಪ್ರಕರಣದಲ್ಲಿ ನಾನು ತೆಗೆದುಕೊಂಡ ನಿರ್ಧಾರಗಳಲ್ಲಿ ಅದೊಂದು ಸರಿಯಾಗಿತ್ತು.

ಮೊದಲ ರಾತ್ರಿ ಹತ್ತರ ಸುಮಾರಿಗೆ, ಔಷಧ ಹಂಚುವ ಟ್ರೇ ಹಿಡಿದು ಹೊರಟಿದ್ದ ನರ್ಸ್ ಒಬ್ಬರು ಗರ್ಭಕೋಶದ ಶಸ್ತ್ರಚಿಕಿತ್ಸೆಯಾದ ಅಜ್ಜಿಯೊಬ್ಬರ ಮಂಚದ ಬಳಿ ನಿಂತು, ಅವರ ಕಾಲಿನ ಕೆಳಗೆ ಹೊದಿಕೆ ಮಡಚಿ ಇಟ್ಟು, ಎರಡು ನಿಮಿಷ ಅಂಗಾಲು ತಿಕ್ಕಿ ಮುಂದೆ ಹೋದರು. ಅಜ್ಜಿಯ ಮುಖದ ಗಂಟು ಸಡಿಲವಾದದ್ದು ನನಗೆ ದೂರದಿಂದಲೇ ಕಂಡಿತು. ಬೆಳಿಗ್ಗೆ ಹ್ಯಾಂಡ್‌ಓವರ್ ಹೊತ್ತಿನಲ್ಲಿ, ಅಂದರೆ ಮುಂದಿನ ಪಾಳಿಯವರಿಗೆ ರೋಗಿಗಳ ವಿವರ ಒಪ್ಪಿಸುವಾಗ, ಅದೇ ನರ್ಸ್ ಆ ಹಾಸಿಗೆಯ ಬಗ್ಗೆ ಹೇಳಿದ್ದು ಒಂದೇ ಮಾತು: ಹತ್ತು ಗಂಟೆಗೆ ಡೈಕ್ಲೋ ಕೊಟ್ಟಿದೆ. ನಂತರ ನಾನು ಅವರನ್ನು ಬೇರೆಯಾಗಿ ಕೇಳಿದಾಗ ಅವರು ಕೊಟ್ಟ ಉತ್ತರ ಇಡೀ ಪ್ರಯತ್ನದ ದಿಕ್ಕನ್ನು ತಿರುಗಿಸಿತು. “ಮೇಡಂ, ಇದೆಲ್ಲಾ ನಮಗ ಗೊತ್ತಿಲ್ಲ ಅಂತಲ್ಲರಿ. ಮಾಡಿದ್ರ ಬರಿಯೂದು ಎಲ್ಲಿ?”

ನಿಜವಾಗಿಯೂ ಎಲ್ಲಿಯೂ ಜಾಗವಿರಲಿಲ್ಲ. ಡ್ರಗ್ ಚಾರ್ಟಿನಲ್ಲಿ ಔಷಧಕ್ಕೊಂದು ಸಾಲು, ವೇಳೆಗೊಂದು ಚೌಕ, ಸಹಿಗೊಂದು ಚೌಕ ಇತ್ತು. ಸೂಜಿ ಮಾಡಿದವರ ಕೆಲಸ ಕಾಗದದ ಮೇಲೆ ಉಳಿಯುತ್ತಿತ್ತು. ಅಂಗಾಲು ತಿಕ್ಕಿದವರು, ದಿಂಬು ಸರಿಸಿದವರು, ಹೆದರಿದವರ ಕೈಹಿಡಿದು ಕುಳಿತವರು ಲೆಕ್ಕಕ್ಕೆ ಬರುತ್ತಿರಲಿಲ್ಲ. ಇನ್‌ಚಾರ್ಜ್ ಸಿಸ್ಟರ್ ಬಂದರೆ ಸುಮ್ಮನೆ ಕುಳಿತಿದ್ದಾರೆ ಎಂದುಕೊಂಡಾರು ಎಂಬ ಅಂಜಿಕೆಯಿಂದ ಕೆಲವರು ಇದನ್ನು ಮರೆಮಾಚಿ ಮಾಡುತ್ತಿದ್ದರೆಂದು ತಿಳಿದಾಗ ನನಗೆ ಬಹಳ ನೋವಾಯಿತು.

ಎರಡನೆಯ ಪ್ರಯತ್ನ

ಕಾಗದದಿಂದಲೇ ಮತ್ತೆ ಶುರು ಮಾಡಿದೆವು. ಉಷ್ಣಾಂಶ, ನಾಡಿ, ರಕ್ತದೊತ್ತಡ ಬರೆಯುವ ಹಾಳೆಯಲ್ಲಿಯೇ ನೋವಿಗೆ ಮೂರು ಚೌಕ ಸೇರಿಸಿದೆವು: ನೋವು ಎಷ್ಟು, ಏನು ಮಾಡಿದಿರಿ, ಅರ್ಧ ಗಂಟೆಯ ಮೇಲೆ ಎಷ್ಟು. ಬೇರೆ ನಮೂನೆಯ ಹಾಳೆ ಬೇಡವೆಂದು ಹಿರಿಯ ನರ್ಸ್‌ಗಳು ಪಟ್ಟು ಹಿಡಿದದ್ದು ಸರಿಯಾಗಿಯೇ ಇತ್ತು. ಇನ್ನೊಂದು ಹಾಳೆಯಾಗಿದ್ದರೆ ಅದು ತಿಂಗಳೊಳಗೆ ಫೈಲಿನ ಅಡಿಗೆ ಸೇರುತ್ತಿತ್ತು.

ಶಸ್ತ್ರಚಿಕಿತ್ಸಕರೊಡನೆ ನಡೆದ ಮಾತು ಸುಲಭವಿರಲಿಲ್ಲ. ರೋಗಿಗೆ ಔಷಧ ಕೊಡದೆ ಉಸಿರಾಟ ಹೇಳಿಕೊಡುತ್ತಿದ್ದಾರೆಂಬ ದೂರು ಬಂದರೆ ಉತ್ತರಿಸಬೇಕಾದವರು ತಾವು ಎಂಬುದು ಅವರ ಆತಂಕವಾಗಿತ್ತು, ಮತ್ತು ಅದು ನ್ಯಾಯವಾದದ್ದೇ. ಆ ಮಾತುಕತೆಯಲ್ಲಿ ಎರಡು ವಿಷಯ ಇತ್ಯರ್ಥವಾದವು. ಪ್ಯಾರಾಸಿಟಮಾಲನ್ನು ಎಸ್.ಓ.ಎಸ್. ಪಟ್ಟಿಯಿಂದ ತೆಗೆದು, ಅದು ಸಲ್ಲುವ ವಯಸ್ಕರಿಗೆ ದಿನಕ್ಕೆ ಒಟ್ಟು 4 ಗ್ರಾಂ ಮೀರದಂತೆ ಆರು ಗಂಟೆಗೊಮ್ಮೆ ನಿಗದಿತ ವೇಳೆಗೆ ಕೊಡುವುದು, ಲಿವರ್ ತೊಂದರೆ ಅಥವಾ ಕಡಿಮೆ ತೂಕ ಇರುವವರಿಗೆ ವೈದ್ಯರೇ ಪ್ರಮಾಣ ಇಳಿಸಿ ಬರೆಯುವುದು, ಇದು ಮೊದಲನೆಯದು. ಎಷ್ಟು ಸೂಜಿ ಕಡಿಮೆಯಾಯಿತು ಎಂದು ನಾವು ಎಣಿಸಬಾರದು ಎಂಬುದು ಎರಡನೆಯದು. ಔಷಧದ ಖರ್ಚು ಉಳಿಯುತ್ತದೆಂಬ ಆಸೆಯಿಂದ ಆಡಳಿತದವರು ಅಂಥ ಎಣಿಕೆಯನ್ನು ಕೇಳಿದ್ದರು. ಸೂಜಿಯನ್ನು ತಪ್ಪಿಸುವುದೇ ಗುರಿಯಾದರೆ ನರ್ಸ್ ರೋಗಿಯ ನೋವನ್ನು ಕಿವಿಗೆ ಹಾಕಿಕೊಳ್ಳದಂತೆ ನಾವೇ ಕಲಿಸಿದಂತಾಗುತ್ತದೆಂದು ಹೇಳಿ, ಆ ಎಣಿಕೆಯನ್ನು ಒಪ್ಪಲಿಲ್ಲ. ರೋಗಿ ಕೆಮ್ಮಿದರೇ, ಎದ್ದು ಕುಳಿತರೇ, ನಡೆದರೇ, ನಿದ್ದೆ ಮಾಡಿದರೇ ಎಂಬುದನ್ನಷ್ಟೇ ಕೇಳಬೇಕೆಂದು ನಿಶ್ಚಯಿಸಿದೆವು.

ನೋವು ಎಷ್ಟು ಎಂಬ ಚೌಕ ಮೊದಲ ವಾರವೇ ಮುಗ್ಗರಿಸಿತು. ಸೊನ್ನೆಯಿಂದ ಹತ್ತರೊಳಗೆ ಎಷ್ಟು ಎಂದು ಕೇಳಿದರೆ, “ಹತ್ತು ಅಂದ್ರ ಏನ್ರಿ, ಬ್ಯಾನಿ ಐತಿ ಅಂದ್ರ ಐತಿ” ಎಂಬ ಉತ್ತರ ಬರುತ್ತಿತ್ತು. ಹೆಚ್ಚಿನವರು ಹತ್ತೆಂದೇ ಹೇಳುತ್ತಿದ್ದರು, ಅಥವಾ ನರ್ಸ್ ತಾವೇ ಐದು ಎಂದು ಬರೆದುಕೊಳ್ಳುತ್ತಿದ್ದರು. ದಾರಿ ತೋರಿದವರು ಆಯಾ. ರೋಗಿಯೊಬ್ಬರು “ಮುಂಜಾನಿಗಿಂತ ನಾಲ್ಕಾಣೆ ಕಡಿಮಿ ಐತ್ರಿ” ಎಂದದ್ದನ್ನು ಕೇಳಿಸಿಕೊಂಡು, ಹಾಗೆಯೇ ಕೇಳಬಾರದೇಕೆ ಎಂದರು. ಆಣೆಯ ನಾಣ್ಯ ಚಲಾವಣೆಯಿಂದ ಹೋಗಿ ಎಷ್ಟೋ ಕಾಲವಾದರೂ ನಮ್ಮ ಕಡೆ ಮಳೆ, ಬೆಳೆ, ಜಡ್ಡು ಎಲ್ಲವೂ ಇವತ್ತಿಗೂ ರೂಪಾಯಿಗೆ ಇಷ್ಟಾಣೆ ಎಂಬ ಲೆಕ್ಕದಲ್ಲಿಯೇ ಇವೆ. ನಾಲ್ಕಾಣೆ, ಎಂಟಾಣೆ, ಹನ್ನೆರಡಾಣೆ, ಹದಿನಾರಾಣೆ (ಅಂದರೆ ಪೂರ್ತಿ ಒಂದು ರೂಪಾಯಿ) ಎಂದು ಹಾಳೆಯಲ್ಲಿ ಬರೆದೆವು. ಇದು ಸೊನ್ನೆ-ಹತ್ತರ ಮಾಪನದಂತೆ ಪರೀಕ್ಷಿಸಿ ಒಪ್ಪಿದ ಮಾಪನವಲ್ಲ, ಆದ್ದರಿಂದ ಎಣಿಕೆ ಬಲ್ಲ ಕಿರಿಯರಿಗೆ ಹತ್ತರ ಮಾಪನವನ್ನೇ ಉಳಿಸಿಕೊಂಡೆವು; ಮಕ್ಕಳಿಗೆ ಮುಖದ ಚಿತ್ರಗಳನ್ನು ತೋರಿಸಿದೆವು. ಆದರೆ ಹಿರಿಯರು ನೋವಿನ ಬಗ್ಗೆ ಬಾಯಿಬಿಟ್ಟು ಮಾತಾಡತೊಡಗಿದ್ದು ಆಣೆಯ ಲೆಕ್ಕ ಬಂದ ಮೇಲೆಯೇ. ಚುಚ್ಚುವುದು, ಜಗ್ಗುವುದು, ಉರಿಯುವುದು, ಹಿಡಿದಂತಾಗುವುದು ಎಂದು ಅವರು ಬಿಡಿಸಿ ಹೇಳತೊಡಗಿದಾಗ ಏನು ಮಾಡಬೇಕೆಂಬುದೂ ನರ್ಸ್‌ಗಳಿಗೆ ಹೊಳೆಯತೊಡಗಿತು.

ಕೌದಿ ಮತ್ತು ತಂಪು

ಕ್ರಮಗಳಲ್ಲಿ ಅತ್ಯಂತ ಬೇಗ ಬೇರೂರಿದ್ದು ಕೆಮ್ಮುವಾಗ ಗಾಯಕ್ಕೆ ಆಸರೆ ಕೊಡುವುದು. ವಾರ್ಡಿನ ದಿಂಬುಗಳು ತೀರ ಮೆತ್ತಗಿದ್ದು ಒತ್ತಿದರೆ ಒಳಗೆ ಕುಸಿಯುತ್ತಿದ್ದವು, ಸಂಖ್ಯೆಯೂ ಸಾಲದು. ರೋಗಿಯ ಕಡೆಯವರು ಊರಿನಿಂದ ಹೊತ್ತು ತರುವ ಕೌದಿಯನ್ನು ನಾಲ್ಕು ಮಡಿಕೆ ಮಾಡಿದರೆ ಅದು ಬೇಕಾದಷ್ಟು ಗಟ್ಟಿಯಾಗಿ, ಅಗಲವಾಗಿ ಕೂಡುತ್ತಿತ್ತು. ಮನೆಯ ಬಟ್ಟೆಯನ್ನು ಗಾಯದ ಬಳಿ ತರುವುದು ಸರಿಯಲ್ಲವೆಂದು ಸೋಂಕು ನಿಯಂತ್ರಣ ನೋಡಿಕೊಳ್ಳುವ ಸಿಸ್ಟರ್ ಆಕ್ಷೇಪಿಸಿದರು. ಆಸ್ಪತ್ರೆಯಲ್ಲಿ ಒಗೆದ ದಿಂಬಿನ ಚೀಲದೊಳಗೆ ಕೌದಿಯನ್ನು ತುಂಬಿ ಕೊಡುವುದು, ಚೀಲವನ್ನು ದಿನವೂ ಬದಲಿಸುವುದು, ಡ್ರೆಸ್ಸಿಂಗ್ ಬಿಚ್ಚಿದಾಗ ಹತ್ತಿರ ತರದಿರುವುದು ಎಂಬ ಒಪ್ಪಂದಕ್ಕೆ ಬಂದೆವು.

ಇದರ ಹಿಂದೆ ಇನ್ನೊಂದು ವಿಷಯವಿತ್ತು. ರೋಗಿಗಳು ಕೆಮ್ಮದೇ ಇರಲು ನೋವಿನಷ್ಟೇ ಭಯವೂ ಕಾರಣ: “ಟಾಕಿ ಹರೀತಾವೇನ್ರಿ?” (ಹೊಲಿಗೆ ಬಿಚ್ಚುತ್ತವೆಯೇ?) ಎಂಬ ಪ್ರಶ್ನೆಯನ್ನು ಬಹುತೇಕ ಎಲ್ಲರೂ ಕೇಳುತ್ತಿದ್ದರು. ಆದ್ದರಿಂದ ಈ ಪಾಠವನ್ನು ಶಸ್ತ್ರಚಿಕಿತ್ಸೆಯ ಹಿಂದಿನ ಸಂಜೆಗೆ ತಂದೆವು. ರೋಗಿ ಮತ್ತು ಜೊತೆಗಿರುವ ಒಬ್ಬರನ್ನು ಕೂಡಿಸಿಕೊಂಡು, ನಾಳೆ ಎದ್ದಾಗ ಗಾಯ ಜಗ್ಗಿದಂತಾಗುತ್ತದೆ, ಅದು ಹೊಲಿಗೆ ಬಿಚ್ಚಿದ್ದಲ್ಲ ಎಂದು ಹೇಳಿ, ಕೌದಿ ಹಿಡಿಸಿ ಕೆಮ್ಮಿಸಿ, ಮಗ್ಗುಲಾಗಿ ಏಳುವುದನ್ನು ಮಾಡಿಸಿ ನೋಡುವುದು. ಐದಾರು ನಿಮಿಷದ ಕೆಲಸ. ನೋವೇರಿದ ಮೇಲೆ ಕಲಿಸಲು ಹೋದರೆ ಏನೂ ತಲೆಗೆ ಹತ್ತುವುದಿಲ್ಲವೆಂಬುದನ್ನು ನಾವು ಸೋತು ಕಲಿತಿದ್ದೆವು.

ತಂಪಿನ ಕತೆ ಬೇರೆ. ಎಲುಬಿನ ಶಸ್ತ್ರಚಿಕಿತ್ಸೆಯಾದ ಗಂಡಸರು ಅದನ್ನು ಒಪ್ಪಿಕೊಂಡರು. ಗರ್ಭಕೋಶದ ಶಸ್ತ್ರಚಿಕಿತ್ಸೆಯಾದ ಹೆಣ್ಣುಮಕ್ಕಳು ಥಂಡಿ ಹತ್ತುತ್ತದೆ ಎಂದು ಖಂಡಿತವಾಗಿ ನಿರಾಕರಿಸಿದರು. ಬಾಣಂತನದಿಂದಲೂ ಮೈಯನ್ನು ಬೆಚ್ಚಗಿಟ್ಟುಕೊಂಡು ಬಂದವರಿಗೆ ಹೊಟ್ಟೆಯ ಮೇಲೆ ಮಂಜುಗಡ್ಡೆ ಇಡುತ್ತೇನೆಂದರೆ ಅದು ಆರೈಕೆಯಾಗಿ ಕಾಣುವುದಿಲ್ಲ. ಒತ್ತಾಯಿಸಬಾರದೆಂದು ತೀರ್ಮಾನಿಸಿದೆವು. ಮೊದಮೊದಲು ಐಸನ್ನು ನೇರವಾಗಿ ಬಟ್ಟೆಯಲ್ಲಿ ಸುತ್ತಿ ಇಟ್ಟು ಒಂದೆರಡು ಡ್ರೆಸ್ಸಿಂಗ್ ತೊಯ್ದವು. ಆಮೇಲೆ ಪ್ಲಾಸ್ಟಿಕ್ ಚೀಲ, ಅದರ ಮೇಲೆ ಒಣ ಬಟ್ಟೆ, 15ರಿಂದ 20 ನಿಮಿಷದ ಮಿತಿ, ನಡುವೆ ಒಮ್ಮೆ ಚರ್ಮ ನೋಡುವುದು ಎಂಬ ಪದ್ಧತಿ ಬಂತು. ಬೆನ್ನಿಗೆ ಕೊಟ್ಟ ಅರಿವಳಿಕೆ ಪೂರ್ತಿ ಇಳಿಯದ ಕಾಲಿಗೆ, ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಮಂದವಾದ ಪಾದಕ್ಕೆ, ರಕ್ತಸಂಚಾರ ಕಡಿಮೆಯಿರುವ ಅಂಗಕ್ಕೆ ತಂಪು ಇಡಲೇಬಾರದು. ಚರ್ಮಕ್ಕೆ ಹಾನಿಯಾದರೂ ರೋಗಿಗೆ ತಿಳಿಯುವುದಿಲ್ಲ. ಔಷಧದ ಫ್ರಿಜ್ಜಿನಲ್ಲಿ ಈ ಪ್ಯಾಕುಗಳನ್ನು ಇಡಕೂಡದೆಂಬ ಕಾರಣಕ್ಕೆ ಬೇರೊಂದು ಸಣ್ಣ ಫ್ರಿಜ್ಜು ಬರುವವರೆಗೆ ಈ ಕ್ರಮ ಕುಂಟುತ್ತಲೇ ಸಾಗಿತು.

ಆ ರಾತ್ರಿ

ಮೂರನೆಯ ತಿಂಗಳಲ್ಲಿ ನಡೆದ ಘಟನೆಯನ್ನು ಬಿಡದೆ ಹೇಳಬೇಕು. ಅರವತ್ತು ದಾಟಿದ ರೈತರೊಬ್ಬರಿಗೆ ಬೆನ್ನಿನ ಅರಿವಳಿಕೆಯಲ್ಲಿ ಹರ್ನಿಯಾ ಶಸ್ತ್ರಚಿಕಿತ್ಸೆಯಾಗಿತ್ತು. ರಾತ್ರಿ ಅವರು ಹದಿನಾರಾಣೆ ಎಂದರು. ಹೊಸ ಪದ್ಧತಿಯನ್ನು ಬಹಳ ಪ್ರೀತಿಯಿಂದ ಹಚ್ಚಿಕೊಂಡಿದ್ದ ಕಿರಿಯ ನರ್ಸ್ ಒಬ್ಬರು ಮೊಣಕಾಲ ಕೆಳಗೆ ದಿಂಬಿಟ್ಟರು, ಉಸಿರಾಟ ಮಾಡಿಸಿದರು, ಮಗನಿಗೆ ಅಂಗಾಲು ತಿಕ್ಕಲು ಹೇಳಿದರು, ಬರೆದಿದ್ದ ಸೂಜಿಯನ್ನೂ ಕೊಟ್ಟರು. ಒಂದು ತಾಸಾದರೂ ನೋವು ಇಳಿಯಲಿಲ್ಲ. ಅಜ್ಜ ಹಾಸಿಗೆಯಲ್ಲಿ ಹೊರಳಾಡತೊಡಗಿದರು. ಪಕ್ಕದ ವಾರ್ಡಿನಿಂದ ಬಂದ ಹಿರಿಯ ನರ್ಸ್ ಹೊದಿಕೆ ಸರಿಸಿ ಕಿಬ್ಬೊಟ್ಟೆಯ ಮೇಲೆ ಕೈಯಿಟ್ಟು ನೋಡಿದಾಗ ಮೂತ್ರಕೋಶ ಹೊಕ್ಕುಳವರೆಗೆ ಉಬ್ಬಿತ್ತು. ಡ್ಯೂಟಿ ಡಾಕ್ಟರ್ ಬಂದು ನಳಿಕೆ ಹಾಕಿಸಿದ ಕೆಲವೇ ನಿಮಿಷಗಳಲ್ಲಿ ಅಜ್ಜ ನಿದ್ದೆ ಹೋದರು.

ಬೆನ್ನಿನ ಅರಿವಳಿಕೆಯ ನಂತರ, ಅದರಲ್ಲಿಯೂ ವಯಸ್ಸಾದ ಗಂಡಸರಲ್ಲಿ, ಮೂತ್ರ ಕಟ್ಟುವುದು ಎಲ್ಲರಿಗೂ ಗೊತ್ತಿರುವ ವಿಷಯ. ಆದರೂ ಅದು ಹೊಳೆಯಲಿಲ್ಲ, ಏಕೆಂದರೆ ನಾವು ಕೊಟ್ಟ ಹಾಳೆಯಲ್ಲಿ ‘ಎಷ್ಟು’ ಎಂಬುದರ ಪಕ್ಕದ ಚೌಕವೇ ‘ಏನು ಮಾಡಿದಿರಿ’ ಎಂದಿತ್ತು. ಏಕೆ ನೋವು ಎಂದು ಕೇಳುವ ಚೌಕವನ್ನು ನಾನೇ ಬಿಟ್ಟಿದ್ದೆ. ಮರುದಿನ ಬೆಳಿಗ್ಗೆ ಆ ಕಿರಿಯ ನರ್ಸ್ ಹ್ಯಾಂಡ್‌ಓವರ್‌ನಲ್ಲಿ ನಡೆದದ್ದನ್ನು ತಾವಾಗಿಯೇ ಎಲ್ಲರೆದುರು ಹೇಳಿದರು. ಅವರಿಂದ ವಿವರಣೆ ಬರೆಸಿಕೊಳ್ಳಬೇಕೆಂಬ ಮಾತು ಬಂದಾಗ, ತಪ್ಪು ಹಾಳೆಯದೆಂದು ನಾನು ಮತ್ತು ಇನ್‌ಚಾರ್ಜ್ ಸಿಸ್ಟರ್ ಇಬ್ಬರೂ ನಿಂತು ಹೇಳಿದೆವು. ಅಂದು ಅವರಿಗೆ ಶಿಕ್ಷೆಯಾಗಿದ್ದರೆ ಆಮೇಲೆ ಯಾರೂ ಇಂಥದ್ದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಅದೇ ವಾರ ಹಾಳೆ ಬದಲಾಯಿತು. ದಿಂಬು, ಉಸಿರಾಟ, ತಂಪು ಯಾವುದಕ್ಕೂ ಮೊದಲು ಹೊದಿಕೆ ಸರಿಸಿ ನೋಡಬೇಕು: ಡ್ರೆಸ್ಸಿಂಗ್ ಒದ್ದೆಯಾಗಿದೆಯೇ, ಹೊಟ್ಟೆ ಬಿಗಿದಿದೆಯೇ, ಮೂತ್ರ ಆಗಿದೆಯೇ, ಪಟ್ಟಿ ಅಥವಾ ಪ್ಲಾಸ್ಟರ್ ಬಿಗಿಯಾಗಿದೆಯೇ, ಕಾಲಿನ ಬೆರಳು ಆಡುತ್ತವೆಯೇ, ಮೀನಖಂಡ ಬಾತಿದೆಯೇ, ಜ್ವರ ಅಥವಾ ಏದುಸಿರು ಇದೆಯೇ. ಎಲುಬು ಮುರಿದ ಕಾಲಿನಲ್ಲಿ ಬೆರಳನ್ನು ಮೆಲ್ಲಗೆ ಎಳೆದರೂ ತಡೆಯಲಾರದ ನೋವೆಂದರೆ ಯಾವ ಕ್ರಮವನ್ನೂ ಮಾಡುತ್ತ ಕೂಡದೆ ತಕ್ಷಣ ಡಾಕ್ಟರನ್ನು ಕರೆಯಬೇಕು, ಅಲ್ಲಿ ಒಂದೊಂದು ಗಂಟೆಯೂ ಕಾಲಿನ ಸ್ನಾಯುವಿನ ಅಳಿವು ಉಳಿವಿನ ಪ್ರಶ್ನೆ. ಹನ್ನೆರಡಾಣೆ ಮತ್ತು ಅದಕ್ಕೂ ಮೇಲಿನ ನೋವಿಗೆ ಔಷಧವನ್ನು ಕಾಯಿಸುವಂತಿಲ್ಲ. ಔಷಧೇತರ ಕ್ರಮ ಅದರ ಜೊತೆಗೆ ಮಾತ್ರ. ಅರ್ಧ ಗಂಟೆಯಲ್ಲಿ ಇಳಿಯದ ಯಾವ ನೋವನ್ನೂ ಡಾಕ್ಟರಿಗೆ ತಿಳಿಸಲೇಬೇಕು.

ಏನಾಯಿತು, ಏನಾಗಲಿಲ್ಲ

ಹಗಲು ಪಾಳಿಯಲ್ಲಿ ಚೌಕಗಳು ತಪ್ಪದೆ ತುಂಬತೊಡಗಿದ್ದು ಒಂದು ಸಣ್ಣ ಕಾರಣಕ್ಕೆ. ಹಿರಿಯ ಶಸ್ತ್ರಚಿಕಿತ್ಸಕರು ಬೆಳಗಿನ ರೌಂಡ್ಸ್‌ನಲ್ಲಿ ಹಾಳೆ ಕೈಗೆತ್ತಿಕೊಂಡು, ರಾತ್ರಿ ಎಂಟಾಣೆ ಇದ್ದದ್ದು ನಾಲ್ಕಾಣೆಗೆ ಇಳಿದಿದೆಯಲ್ಲ, ಏನು ಮಾಡಿದಿರಿ ಎಂದು ನರ್ಸ್‌ಗಳನ್ನು ಕೇಳತೊಡಗಿದರು. ನನ್ನ ಒಂದು ದಿನದ ತರಬೇತಿ ಮಾಡದ್ದನ್ನು ಆ ಒಂದು ಪ್ರಶ್ನೆ ಮಾಡಿತು ಎಂದರೆ ಅತಿಶಯವಲ್ಲ. ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವರು ಮರುದಿನ ಬೆಳಿಗ್ಗೆ ಮಂಚದಿಂದಿಳಿದು ಕುಳಿತಿರುವುದು ಅಪರೂಪದ ನೋಟವಾಗಿ ಉಳಿಯಲಿಲ್ಲ. ಕೌದಿ ಅಪ್ಪಿಕೊಂಡು ಕೆಮ್ಮುವುದನ್ನು ಹಳೆಯ ರೋಗಿಗಳೇ ಹೊಸಬರಿಗೆ ಹೇಳಿಕೊಡತೊಡಗಿದರು.

ಸೋತದ್ದೂ ಇದೆ. ಮೊಬೈಲಿನಲ್ಲಿ ವಚನ, ಭಜನೆ ಕೇಳಿಸುವುದನ್ನು ಕೆಲವು ದಿನ ಮಾಡಿದೆವು. ಒಬ್ಬರಿಗೆ ನೆಮ್ಮದಿ ಕೊಟ್ಟದ್ದು ಪಕ್ಕದ ಮಂಚದವರ ನಿದ್ದೆ ಕೆಡಿಸಿತು, ಕಿವಿಗೆ ಹಾಕಿಕೊಳ್ಳುವ ಇಯರ್‌ಫೋನನ್ನು ಹಿರಿಯರು ಒಪ್ಪಲಿಲ್ಲ. ಅದಕ್ಕಿಂತ ರಾತ್ರಿ ಹತ್ತಕ್ಕೆ ದೊಡ್ಡ ದೀಪಗಳನ್ನು ಆರಿಸಿ, ಔಷಧದ ವೇಳೆಗಳನ್ನು ಒಟ್ಟಿಗೆ ಸೇರಿಸಿ, ನಡುರಾತ್ರಿ ಎಬ್ಬಿಸುವುದನ್ನು ತಗ್ಗಿಸಿದ್ದು ಹೆಚ್ಚು ಉಪಯೋಗಕ್ಕೆ ಬಂತು. ನಿಧಾನ ಉಸಿರಾಟ ಹಿಂದಿನ ಸಂಜೆ ಕಲಿತವರಿಗೆ ನೆರವಾಯಿತು, ಉಳಿದವರಿಗೆ ಅಷ್ಟಾಗಿ ಆಗಲಿಲ್ಲ. ಲಂಬಾಣಿ ಮಾತಷ್ಟೇ ಬಲ್ಲ ಅಜ್ಜಿಯರಿಗೆ ಏನನ್ನೂ ಸರಿಯಾಗಿ ಹೇಳಿಕೊಡಲು ನಮ್ಮಿಂದಾಗಲಿಲ್ಲ. ತಾಂಡಾದ ಹುಡುಗಿಯೊಬ್ಬಳು ನರ್ಸಿಂಗ್ ವಿದ್ಯಾರ್ಥಿನಿಯಾಗಿ ವಾರ್ಡಿಗೆ ಬಂದಿದ್ದ ವಾರಗಳಲ್ಲಿ ಮಾತ್ರ ಆ ಕೊರತೆ ನೀಗಿತ್ತು.

ರಾತ್ರಿ ಪಾಳಿಯ ಚೌಕಗಳು ಅರ್ಧಕ್ಕರ್ಧ ಖಾಲಿಯೇ ಉಳಿದವು. “ಇಪ್ಪತ್ತೆಂಟು ಮಂದಿಗೆ ನಾವ್ ಇಬ್ರು, ಯಾರ ಕಾಲ ಅಂತ ತಿಕ್ಕೂಣ್ರಿ?” ಎಂದು ಹಿರಿಯ ನರ್ಸ್ ಒಬ್ಬರು ಮೊದಲ ದಿನವೇ ಕೇಳಿದ್ದರು. ಅದನ್ನು ಹೊಸದಕ್ಕೆ ಬರುವ ವಿರೋಧವೆಂದು ಆಗ ನಾನು ಬಗೆದದ್ದು ತಪ್ಪಾಯಿತು. ದಿಂಬು ಹಿಡಿಯುವುದು, ಅಂಗಾಲು ತಿಕ್ಕುವುದು ಮೊದಲಾದವನ್ನು ಜೊತೆಗಿರುವ ಮನೆಯವರಿಗೆ ಕಲಿಸಬಹುದು, ಅವರೂ ಸಂತೋಷದಿಂದ ಮಾಡುತ್ತಾರೆ; ಆದರೆ ಹೊದಿಕೆ ಸರಿಸಿ ಕಾರಣ ಹುಡುಕುವ ಕೆಲಸವನ್ನು ಅವರ ಹೆಗಲಿಗೆ ಹೊರಿಸುವಂತಿಲ್ಲ. ಅದಕ್ಕೆ ತರಬೇತಾದ ಕಣ್ಣು ಬೇಕು, ಮತ್ತು ಆ ಕಣ್ಣಿಗೆ ಬಿಡುವು ಬೇಕು. ಇನ್‌ಚಾರ್ಜ್ ಸಿಸ್ಟರ್ ಬೇರೆ ವಿಭಾಗಕ್ಕೆ ಹೋದ ತಿಂಗಳಲ್ಲಿ ಹಗಲಿನ ಚೌಕಗಳೂ ಖಾಲಿಯಾಗತೊಡಗಿದವು; ಹೊಸದಾಗಿ ಸೇರುವವರಿಗೆ ಮೊದಲ ದಿನವೇ ಹಳಬರೊಬ್ಬರ ಜೊತೆ ನಿಲ್ಲಿಸಿ ಹಾಳೆ ತುಂಬಿಸುವ ಏರ್ಪಾಡು ಆದ ಮೇಲೆ ಅವು ಮತ್ತೆ ತುಂಬಿದವು.

ರಾತ್ರಿಗೆ ಮೂರನೆಯ ನರ್ಸ್ ಬೇಕೆಂಬ ಬೇಡಿಕೆಯನ್ನು ಆ ಖಾಲಿ ಚೌಕಗಳ ಹಾಳೆಗಳನ್ನೇ ಲಗತ್ತಿಸಿ ಆಡಳಿತಕ್ಕೆ ಕಳಿಸಿದೆವು. ನಾನು ಆ ಆಸ್ಪತ್ರೆ ಬಿಡುವ ಹೊತ್ತಿಗೆ, ಶಸ್ತ್ರಚಿಕಿತ್ಸೆ ಹೆಚ್ಚಾಗಿ ನಡೆಯುವ ವಾರದ ಮೂರು ದಿನಗಳ ರಾತ್ರಿಗೆ ಮಾತ್ರ ಒಬ್ಬರನ್ನು ಹೆಚ್ಚಿಗೆ ಕೊಟ್ಟಿದ್ದರು.